ಮದೀನಾಬೀ ಕೂತು ನೋಡಿದ ಬಾಗಿಲು

ಖಾಜಾಹುಸೇನನ ಶೆಡ್ಡಿಗೆ ಮೊದಲ ಸಲ ಹೋದ ದಿನವೇ ಅಂಬರೀಶ ಗಂಡ ಹೆಂಡತಿಯ ಜಗಳ ಬಿಡಿಸಲು ಹೋಗಿ ಮರ್ಯಾದೆ ಕಳೆದುಕೊಂಡ. ಜಗಳ ಇರಲೇ ಇಲ್ಲ, ಅದೊಂದೇ ತೊಡಕು.

ಅಂಬರೀಶ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನ ಸಾವಕಾರ ಹಣಮಂತ್ರಾಯರಿಗೆ ತಮ್ಮ ತಂದೆಯ ಕಾಲದ ಅಂಬಾಸಿಡರ್ ಕಾರನ್ನು ಹೊಸದರಂತೆ ಮಾಡಿಸುವ ಹಟ. ಮಗಳ ಮದುವೆಗೆ ಅಳಿಯ ಯಾದಗಿರಿಯಿಂದ ಅದರಲ್ಲೇ ಬರಬೇಕು. "ಕೆಲಸ ಹೆಂಗ ನಡದದ ನೋಡ್ಕೋತ ಇರು" ಎಂದು ಅಂಬರೀಶನನ್ನು ಅಟ್ಟಿದ್ದರು. ಕಾರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಇಷ್ಟೇ: ಹಿಂದಿನ ಸೀಟಿನಲ್ಲಿ ನಾಲ್ಕನೆಯವನಾಗಿ ತುರುಕಿಕೊಂಡು ಕೂಡುವುದು.

ಭೀಮರಾಯನಗುಡಿ ರಸ್ತೆಯ ಆ ಶೆಡ್ಡಿನಲ್ಲಿ ಗಾಲಿ ಇಲ್ಲದ ಕಾರು ಕಲ್ಲುಗಳ ಮೇಲೆ ಕೂತಿತ್ತು. ಗಾಜಿಲ್ಲದ ಕಿಟಕಿಗಳಿಗೆಲ್ಲ ಕೌದಿ ಹೊದಿಸಿದ್ದರು. ಬಿಳಿ ಗಡ್ಡದ ಮಿಸ್ತ್ರಿಯೊಬ್ಬ ಮುಚ್ಚಿದ ಬಾಗಿಲನ್ನು ಅಂಗೈಯಿಂದ ಬಡಿಯುತ್ತ ಒದರುತ್ತಿದ್ದ.

"ಈಗರೇ ಖರೇ ಹೇಳು!"

"ಅದ! ಇನ್ನೂ ಅದ!" ಒಳಗಿನಿಂದ ಹೆಂಗಸಿನ ದನಿ.

"ಎಲ್ಲಿ ಅದ?"

"ಹೇಳಿದ್ನಲ್ಲ, ಕೆಳಗ!"

ಹೆಂಡತಿ ಒಡವೆ ಬಚ್ಚಿಟ್ಟಿದ್ದಾಳೆ, ಗಂಡ ಕಾರಿನಲ್ಲಿ ಕೂಡಿಹಾಕಿ ಬಾಯಿ ಬಿಡಿಸುತ್ತಿದ್ದಾನೆ ಎಂದು ಅಂಬರೀಶ ಲೆಕ್ಕ ಹಾಕಿದ. ಎದೆ ಉಬ್ಬಿಸಿ ಮುಂದೆ ಹೋದ. "ಮಿಸ್ತ್ರಿ, ಹೆಣ್ಮಕ್ಕಳನ್ನ ಹಿಂಗ ಕೂಡಿ ಹಾಕೂದು ಕಾನೂನಿನಾಗ ತಪ್ಪದರಿ. ಮೊದಲ ಬಾಗಲಾ ತಗೀರಿ."

ಬಾಗಿಲು ಒಳಗಿನಿಂದಲೇ ತೆರೆಯಿತು. ಮಿಸ್ತ್ರಿಯ ಹೆಂಡತಿ ಮದೀನಾಬೀ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. "ಅಜೀ, ನನ್ನ ಬಿಡಿಸ್ಕೊಂಡು ಹೋಗಾಕ ಪೊಲೀಸ್ ಬಂದಾನ ನೋಡ್ರಿ."

"ಒಯ್ಯಿ ಅನ್ನು," ಎಂದ ಖಾಜಾಹುಸೇನ. "ಸಾರಿಗಿ ಉಪ್ಪ ಜಾಸ್ತಿ ಹಾಕ್ತಾಳ, ಮೊದಲಾ ಹೇಳೀನಿ. ಆಮ್ಯಾಲ ವಾಪಸ್ ತಂದು ಬಿಟ್ರ ನಾ ತಗೊಳ್ಳಂಗಿಲ್ಲ."

ಅಂದಿನಿಂದ ಆ ಅಂಗಳದಲ್ಲಿ ಅಂಬರೀಶ ಅನ್ನುವ ಹೆಸರು ಸತ್ತು ಪೊಲೀಸಪ್ಪ ಹುಟ್ಟಿದ.

ಬಾಗಿಲು ಕೂಡಿಸುವುದರಲ್ಲಿ ಗಂಡ ಹೆಂಡತಿಗೆ ತಮ್ಮದೇ ಒಂದು ರೀತಿ. ಬಾಗಿಲನ್ನು ಕಬ್ಜಾಕ್ಕೆ, ಅಂದರೆ ತಿರುಗಣೆಗೆ, ಏರಿಸಿದ ಮೇಲೆ ಹೊರಗಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ಎಂದು ಮಿಸ್ತ್ರಿ ಬೆರಳಾಡಿಸಿ ನೋಡುತ್ತಾನೆ. ಒಳಗಿನ ಕೂಡಿಕೆ ಬೆರಳಿಗೆ ಸಿಗುವುದಿಲ್ಲ. ಅದಕ್ಕೆ, ರಬ್ಬರು ಹಚ್ಚುವ ಮುಂಚೆ, ಕೌದಿ ಹೊದಿಸಿದ ಕತ್ತಲಲ್ಲಿ ಮದೀನಾಬೀ ಕೂಡುತ್ತಾಳೆ. ಎಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ತಪ್ಪು. ಅವಳು ಕೂಗಿದ ಕಡೆ ಅವನು ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾನೆ. ಕೊನೆಗೆ ಅವಳು "ಬಂದ್" ಅಂದಳೆಂದರೆ ಆ ಬಾಗಿಲಿಗೆ ಮತ್ತೆ ಸುತ್ತಿಗೆ ಬೀಳಬಾರದು.

ನಾರಾಯಣಪುರದ ಡ್ಯಾಮಿನ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ ಹರೆಯದಲ್ಲಿ ಖಾಜಾಹುಸೇನನ ಬಳಿ ಆಳು ಇಡುವಷ್ಟು ಕೆಲಸ ಇರಲಿಲ್ಲ. ಸುರಪುರದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಮದೀನಾಬೀ ಹೊರಗೆ ಮುಖ ತೋರಿಸುತ್ತಿರಲಿಲ್ಲ. "ಗಾಡಿ ಒಳಗ ಕೂತ್ರ ಯಾರ ನೋಡ್ತಾರ?" ಎಂದು ಅವನು ಕರೆದ. ಅವಳು ಕೂತಳು. ಮಕ್ಕಳಾಗಲಿಲ್ಲ. ತಮ್ಮಂದಿರು ಇನ್ನೊಂದು ನಿಕಾಹ್ ಮಾಡಿಕೋ ಎಂದಾಗ ಅವನು ಹೇಳಿದ್ದನಂತೆ: "ಆಕಿ ಬಂದು ಬೆಳಕ ನೋಡ್ತಾಳೇನು?" ಇದನ್ನು ಮದೀನಾಬೀಯೇ ಅಂಬರೀಶನಿಗೆ ಹೇಳಿದ್ದಳು, ಊರಿಗೇ ಮೊದಲ ಬಹುಮಾನ ಬಂದವಳ ಹಾಗೆ.

ಅಂಬಾಸಿಡರಿನ ಮೂರು ಬಾಗಿಲು ಹಾಗೆಯೇ ಕೂತವು. ಮುಚ್ಚಿದರೆ ಟಪ್ ಎಂದು ಒಂದೇ ಸಪ್ಪಳ. ನಾಲ್ಕನೆಯದು ತುಕ್ಕು ತಿಂದು ಹೋಗಿತ್ತು. ಅದಕ್ಕೆ ಬೇರೆ ಬಾಗಿಲು ಹೈದರಾಬಾದಿನಿಂದ ಬರಲು ತಿಂಗಳುಗಳೇ ಹಿಡಿದವು.

ಬಾಗಿಲು ಬಂತೆಂದು ಹೋದ ದಿನ ಮದೀನಾಬೀ ಚಹಾ ತಂದಳು. ಅವಳು ಕಪ್ಪು ಚಾಚಿದ್ದು ಅಂಬರೀಶನಿಗಲ್ಲ, ಪಕ್ಕದಲ್ಲಿ ಒರಗಿಸಿದ್ದ ಮಡ್ಗಾರ್ಡಿಗೆ. "ತಗೋ ಪೊಲೀಸಪ್ಪ." ತನ್ನ ಹೊಟ್ಟೆ ಇತ್ತೀಚೆಗೆ ಆ ಆಕಾರಕ್ಕೆ ಬಂದದ್ದಕ್ಕೆ ತಮಾಷೆ ಮಾಡುತ್ತಿದ್ದಾಳೆ ಎಂದು ಅವನಿಗೆ ಮೊದಲು ಅನ್ನಿಸಿತು. ಆಮೇಲೆ ಅವಳು ಬಟ್ಟೆ ಒಣಗಿಸುವ ಹಗ್ಗದ ಮೇಲೆ ಕೈಯಾಡಿಸಿ ದಾರಿ ಹಿಡಿದು ಮನೆಯೊಳಗೆ ಹೋದದ್ದು ಕಂಡಿತು.

ಅವಳಿಗೆ ಸಕ್ಕರೆ ಕಾಯಿಲೆ. ತವರಿನವರ ಜೊತೆ ಕಲಬುರಗಿಗೆ ಹೋಗಿ ಕಣ್ಣು ತೋರಿಸಿ ಬಂದಿದ್ದಳು. "ಏನೂ ಇಲ್ಲಂತ, ಹನಿ ಕೊಟ್ಟಾರ" ಎಂದು ಮನೆಯಲ್ಲಿ ಹೇಳಿದ್ದಳು.

ಮಧ್ಯಾಹ್ನ ಕೌದಿ ಹೊದಿಸಿದರು. ಮದೀನಾಬೀ ಒಳಗೆ ಕೂತಳು.

"ಏನ್ ಕಾಣ್ತದ?" ಎಂದು ಮಿಸ್ತ್ರಿ ಕೇಳಿದ.

"ಮ್ಯಾಲ ಸ್ವಲ್ಪ... ಹ್ಞಾಂ, ಹೊಡೀರಿ." ಅವನು ಹೊಡೆದ. "ಬಂದ್."

ಅವಳು ಇಳಿದು ಹೋದ ಮೇಲೆ ಅಂಬರೀಶ ಸುಮ್ಮನೆ ಒಳಗೆ ಕೂತು ಬಾಗಿಲು ಎಳೆದುಕೊಂಡ. ಕೆಳಗಿನ ಸಂದಿನಿಂದ ಬಿಸಿಲು ಪಟ್ಟಿಯಾಗಿ ನುಗ್ಗಿ ಅವನ ಅಂಗಿಯ ಮೇಲೆ ಬಿತ್ತು. ಕಿರುಬೆರಳು ಹೋಗುವಷ್ಟು ಸಂದು. ಕಾರಿನ ಗಂಧ ಗಾಳಿ ಗೊತ್ತಿಲ್ಲದ ಅವನಿಗೇ ಕಾಣುತ್ತಿತ್ತು. ಅವಳು ಅದೇ ಜಾಗದಲ್ಲಿ, ಅದೇ ಬಿಸಿಲು ಮಡಿಲಲ್ಲಿಟ್ಟುಕೊಂಡು, ಏನೂ ಕಾಣದೆ ಕೂತು, ಹಳೆಯ ರೂಢಿಯ ಮೇಲೆ ಒಂದು ಸುಳ್ಳು ಕೂಗಿ ಇಳಿದಿದ್ದಳು.

ಮಿಸ್ತ್ರಿ ಹೊರಗೆ ಸುತ್ತಿಗೆ ಒರೆಸಿ ಗೂಟಕ್ಕೆ ತೂಗುಹಾಕುತ್ತಿದ್ದ. ಇವನಿಗೆ ಗೊತ್ತಿಲ್ಲವೇ? ಅವಳು ಮಲಗಿದಾಗ ಬಡಿದು ಸರಿ ಮಾಡಬಹುದಲ್ಲ ಎಂದುಕೊಂಡ ಅಂಬರೀಶ. ಆದರೆ ಮನೆ ಶೆಡ್ಡಿಗೆ ಅಂಟಿಕೊಂಡೇ ಇದೆ. ಗಂಡನ ಸುತ್ತಿಗೆ ಯಾವ ಪತ್ರಾ ತಗಡಿನ ಮೇಲೆ ಬಿತ್ತೆಂದು ಸಪ್ಪಳದಲ್ಲೇ ಹೇಳುವ ಹೆಂಗಸು ಅವಳು. ತಾನು ಬಂದ್ ಅಂದ ಬಾಗಿಲಿಗೆ ಏಟು ಬಿದ್ದರೆ, ತನ್ನ ಸುಳ್ಳು ಗಂಡನಿಗೆ ಗೊತ್ತಾಗಿದೆಯೆಂದು ಆ ದಿನವೇ ಅವಳಿಗೆ ತಿಳಿದುಹೋಗುತ್ತದೆ.

ಊರಲ್ಲಿ ಮಾತು ಆಗಲೇ ಎದ್ದಿತ್ತು. ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಇಟ್ಟ ಮಲ್ಕಪ್ಪ ಹೋಟೆಲಿನಲ್ಲಿ ಎಲ್ಲರೆದುರು ಅಂದ: "ಖಾಜಾನ ಕೈ ಹೋಗ್ಯಾದ. ನನ್ನ ಗಾಡಿಗಿ ಡಿಕ್ಕಿ ಬಾಗಲಾ ಕೂಡಿಸ್ಯಾನ, ಸಂದಿನಾಗ ಕೋಳಿಮರಿ ಹೊಕ್ಕು ಹೊರಬೀಳ್ತದ." ಮೂಲೆಯ ಬೆಂಚಿನಲ್ಲಿದ್ದ ಖಾಜಾಹುಸೇನ ತಲೆ ಎತ್ತಲಿಲ್ಲ. ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ ಎದ್ದು ಹೋದ. ಅಂಬರೀಶ ಎದ್ದು ನಿಂತ, ಏನೋ ಹೇಳಬೇಕೆಂದುಕೊಂಡ, ಹೇಳಿದರೆ ಮದೀನಾಬೀಯ ಕಣ್ಣಿನ ಮಾತು ಹೇಳಬೇಕಾಗುತ್ತದೆಂದು ಹೊಳೆದು ಮತ್ತೊಂದು ಮಿರ್ಚಿ ತಂದುಕೊಂಡು ಕೂತ. ಜಗಳವಿಲ್ಲದ ಕಡೆ ಬಿಡಿಸಲು ಹೋಗುವ ಶೂರ, ಇದ್ದಲ್ಲಿ ಮಿರ್ಚಿ ತಿಂದ.

ಕಾರು ಒಯ್ಯುವ ದಿನ ಬಂತು. ಕೆನೆ ಬಣ್ಣ, ಕನ್ನಡಿಯಂಥ ಹೊಳಪು. ಮದೀನಾಬೀ ಹೊಸ್ತಿಲಲ್ಲಿ ನಿಂತು, ಕಾರು ಇಲ್ಲದ ದಿಕ್ಕಿಗೆ ಮುಖ ಮಾಡಿ, "ಚಂದ ಕಾಣ್ತದ ಅಲಾ, ಪೊಲೀಸಪ್ಪ?" ಅಂದಳು.

"ಬಾಳ ಚಂದ ಕಾಣ್ತದ, ಚಾಚಿ."

ಅಳಿಯ ಕೂಡುವ ಕಡೆಯದೇ ಆ ನಾಲ್ಕನೆಯ ಬಾಗಿಲು. ಯಾದಗಿರಿಯಿಂದ ಬರುವಷ್ಟರಲ್ಲಿ ಬಿಳಿ ಬಟ್ಟೆಯೆಲ್ಲ ಧೂಳಾಗುತ್ತದೆ, ಸಾವಕಾರರು ಊರಿನ ಮುಂದೆ ಮಿಸ್ತ್ರಿಯ ಮಾನ ಕಳೆಯುತ್ತಾರೆ. ಗೇಟಿನ ಹತ್ತಿರ ಡ್ರೈವರ್ ಗಾಡಿ ನಿಲ್ಲಿಸಿದಾಗ ಅಂಬರೀಶ ಇಳಿದು ಬಂದು ದನಿ ತಗ್ಗಿಸಿದ.

"ಮಿಸ್ತ್ರಿ, ಸಿಟ್ಟಾಗಬ್ಯಾಡ್ರಿ. ಆ ಹಿಂದಿನ ಬಾಗಲಾ ಸೊಟ್ಟ ಕೂತದ. ನಿಮಗ ಕಾಣಂಗಿಲ್ಲೇನ್ರಿ?"

ಖಾಜಾಹುಸೇನ ಹೊಸ್ತಿಲ ಕಡೆ ಒಮ್ಮೆ ತಿರುಗಿ ನೋಡಿದ.

"ನನಗ ಕಾಣ್ತದ. ಆಕಿಗಿ ಕಾಣಂಗಿಲ್ಲ. ಸಾವ್ಕಾರ ಕೇಳಿದ್ರ ಖಾಜಾನ ಕೈ ಹೋಗ್ಯಾದ ಅನ್ನು, ನಡಿ."