ಹಾರನ್ ಹೊಡೆಯಲಿಲ್ಲ

ಲಾರಿಗಳ ಹಿಂಬದಿಯಲ್ಲಿ 'ಸೌಂಡ್ ಹಾರನ್' ಅಂತ ಬರೆದಿರುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದು ಸಲ ಸದ್ದು ಮಾಡಿಬಿಟ್ಟರೆ ಹಿಂದಿನವನ ಜವಾಬ್ದಾರಿ ಮುಗಿಯಿತು, ಆಮೇಲೆ ಆಗುವುದೆಲ್ಲ ಮುಂದಿನವನ ಹಣೆಬರಹ. ಇದು ನಮ್ಮ ರಸ್ತೆಯ ಕಾನೂನು. ಕಿವಿ ಕೇಳದವನು ಈ ಕಾನೂನಿನಲ್ಲಿ ಮನುಷ್ಯನೇ ಅಲ್ಲ. ಹಾಗಂತ ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಕಲಿತದ್ದನ್ನು ಹೇಳುತ್ತಿದ್ದೇನೆ.

ನನ್ನಪ್ಪ ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದ. ಎಂಟು ಪವರ್‌ಲೂಮು, ಮೇಲೆ ತಗಡಿನ ಸೂರು. ಎಲ್ಲ ಮಗ್ಗ ಒಟ್ಟಿಗೆ ಓಡಿದರೆ ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳಿಸದು. ಅಲ್ಲಿ ಮಾತೆಂದರೆ ತುಟಿ ಆಡಿಸುವುದು, ಕೈ ತೋರಿಸುವುದು. ಬೆರಳು ಗಾಳಿಯಲ್ಲಿ ಸುತ್ತಿದರೆ ನೂಲು ಬೇಕು, ಹೆಬ್ಬೆರಳು ಬಾಯಿಯ ಹತ್ತಿರ ಹೋದರೆ ಟೀ, ಐದೂ ಬೆರಳು ಕೂಡಿಸಿ ಹಿಡಿದರೆ ಸುಮ್ಮನಿರು. ಇಪ್ಪತ್ತು ವರ್ಷ ಹಾಗೆ ದುಡಿದ ಮೇಲೆ ಅಪ್ಪನ ಕಿವಿ ಯಾವಾಗ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ. ಕಿವಿ ಇದ್ದವನಿಗೂ ಹೋದವನಿಗೂ ಶೆಡ್ಡಿನೊಳಗೆ ಏನೂ ವ್ಯತ್ಯಾಸವಿಲ್ಲವಲ್ಲ. ಗೊತ್ತಾಗುವುದು ರಸ್ತೆಗೆ ಬಂದಾಗ.

ನಮ್ಮ ಮನೆ ಊರಿನಾಚೆ, ಬೆಂಗಳೂರು ರಸ್ತೆಯಲ್ಲಿ ಮೂರು ಮೈಲಿ ದೂರ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ರಸ್ತೆ ನಮ್ಮದಾಗಿ ಉಳಿದಿರಲಿಲ್ಲ. ಬೆಂಗಳೂರಿಗೆ ಮನೆ ಕಟ್ಟುವ ಆತುರ, ಆ ಆತುರಕ್ಕೆ ಬೇಕಾದ ಜಲ್ಲಿ ಎಲ್ಲ ನಮ್ಮ ಕಿವಿಯ ಪಕ್ಕದಲ್ಲೇ ಹೋಗಬೇಕು. ಸರ್ಕಾರದವರು ಬಂದು ಟಾರಿನ ಮೇಲೆ ಟಾರು ಹಾಕಿದರು. ರಸ್ತೆ ಎತ್ತರವಾಯಿತು, ಅಂಚಿನ ಮಣ್ಣು ಒಂದು ಗೇಣು ಕೆಳಗೇ ಉಳಿಯಿತು. ಲಾರಿ ಬಂದರೆ ಸೈಕಲ್ಲಿನವನು ಆ ಗೇಣು ಕೆಳಕ್ಕೆ ಹಾರಬೇಕು. ಹಾರಿ ಬಿದ್ದರೆ 'ಸೈಕಲ್ ಹೊಡೆಯೋಕೆ ಬರಲ್ಲ' ಅನ್ನುತ್ತಿದ್ದರು. ರಸ್ತೆ ಮಾಡಲು ಬರಲ್ಲ ಅಂತ ಯಾರಿಗೂ ಯಾರೂ ಅಂದದ್ದನ್ನು ನಾನು ಕೇಳಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನೂ ಅದೇ ಶೆಡ್ಡಿನಲ್ಲಿ ಲಾಳಿಗೆ ನೂಲು ಸುತ್ತುವ ಕೆಲಸಕ್ಕೆ ಸೇರಿದೆ. ಒಂದೇ ಸೈಕಲ್ಲಿನಲ್ಲಿ ಹೋಗುವುದು ಬರುವುದು. ಅಪ್ಪನ ಕಿವಿ ನಾನೇ ಆದೆ. ಹೆಣ್ಣುಮಕ್ಕಳು ಒಂದೇ ಕಡೆ ಕಾಲು ಇಳಿಬಿಟ್ಟು ಕೂರಬೇಕಾದ್ದರಿಂದ ಹಿಂದೆ ಬರುವುದು ನನಗೆ ಕಾಣುತ್ತಿರಲಿಲ್ಲ, ಕೇಳಿಸಿಕೊಂಡೇ ತಿಳಿಯಬೇಕಿತ್ತು. ಹಿಂದೆ ಗಾಡಿ ಬಂದರೆ ಬೆನ್ನಿಗೆ ಒಂದು ಸಲ ತಟ್ಟುತ್ತಿದ್ದೆ, ಅಪ್ಪ ಎಡಕ್ಕೆ ಸರಿಯುತ್ತಿದ್ದ. ಎರಡು ಸಲ ತಟ್ಟಿದರೆ ನಿಲ್ಲಿಸಿ ಇಳಿಯಬೇಕು. ಶೆಡ್ಡಿನ ಮಾತನ್ನೇ ರಸ್ತೆಗೆ ತಂದುಕೊಂಡಿದ್ದೆವು. ಎರಡು ವರ್ಷದಲ್ಲಿ ಒಂದು ಸಲವೂ ನಾನು ತಪ್ಪಿರಲಿಲ್ಲ. ಆ ಹೆಮ್ಮೆ ನನಗಿತ್ತು.

ಆವತ್ತು ಮಧ್ಯಾಹ್ನ ಪಾಳಿ ಮುಗಿಸಿ ಬರುತ್ತಿದ್ದೆವು. ಇಳಿಜಾರು. ಎದುರಿಂದ ಒಂದು ಬಸ್ಸು ಗುಡುಗುತ್ತಾ ಏರು ಹತ್ತುತ್ತಿತ್ತು. ನಮ್ಮ ಹಿಂದಿನ ಜಲ್ಲಿ ಲಾರಿಯವನು ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಸದ್ದಿಲ್ಲದೆ ಇಳಿಸಿಕೊಂಡು ಬಂದಿದ್ದ. ನನ್ನ ಮೊಣಕೈಗೆ ಏನೋ ಬಿಸಿ ತಾಗಿದ್ದು ಗೊತ್ತು, ಆಮೇಲೆ ಬಾಯಲ್ಲಿ ಮಣ್ಣು. ಅಪ್ಪನ ಬಲಗಾಲು ಸೈಕಲ್ಲಿನಡಿ ವಿಚಿತ್ರವಾಗಿ ಮಡಚಿಕೊಂಡಿತ್ತು. ಜನ ಸೇರುವ ಮೊದಲೇ ಡ್ರೈವರ್ ಇಳಿದು ಬಂದು, "ಮೂರು ಸಲ ಹಾರನ್ ಹೊಡ್ದೆ ಗುರು, ಮೂರು ಸಲ" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅಪ್ಪನನ್ನು ಎತ್ತಲು ಮಾತ್ರ ಕೈ ಹಾಕಲಿಲ್ಲ.

ಆಸ್ಪತ್ರೆಗೆ ಹೇಳಿಕೆ ಬರೆದುಕೊಳ್ಳಲು ಒಬ್ಬ ಪೇದೆ ಬಂದ. ಜೊತೆಗೆ ಲಾರಿ ಮಾಲೀಕನ ಕಡೆಯವನೊಬ್ಬ, ಕಿತ್ತಳೆ ಹಣ್ಣು ಹಿಡಿದುಕೊಂಡು. ಪೇದೆ ಮಂಚದ ಮೇಲೆ ಬಾಗಿ ದೊಡ್ಡದಾಗಿ ಕೇಳಿದ.

"ಡ್ರೈವರ್ ಹಾರನ್ ಹೊಡ್ದ್ನಂತಲ್ಲಪ್ಪಾ, ಕೇಳಿಸ್ಲಿಲ್ವಾ?"

ಅಪ್ಪ ಅವನ ತುಟಿ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಹೇಳಿದ. "ಹೊಡ್ದಿರ್ಬೇಕು ಸ್ವಾಮಿ. ನಂಗೆ ಕಿವಿ ಮಂದ. ನಂದೇ ತಪ್ಪು."

"ಹೊಡೀಲಿಲ್ಲ ಸಾರ್" ಅಂದೆ ನಾನು, ಪೇದೆಯ ಕಡೆ ತಿರುಗಿ.

"ದೊಡ್ಡೋರು ಹೇಳ್ತಾವ್ರಲ್ಲ, ನೀನ್ ಸುಮ್ನಿರಮ್ಮ."

ಪೇದೆ ಹೇಳಿದ್ದಕ್ಕೆ ನಾನು ಸುಮ್ಮನಾಗುತ್ತಿರಲಿಲ್ಲ. ಆದರೆ ಅಪ್ಪ ಕಂಬಳಿಯಿಂದ ಕೈ ಹೊರಗೆ ತೆಗೆದು ಐದೂ ಬೆರಳು ಕೂಡಿಸಿ ಹಿಡಿದ. ಸುಮ್ಮನಾದೆ. ಅಪ್ಪ ರುಜು ಹಾಕಿದ. ಕಿತ್ತಳೆ ಹಣ್ಣಿನವನ ಮುಖ ಅರಳಿತು. ಆ ಹಣ್ಣನ್ನು ನಾನು ಮುಟ್ಟಲಿಲ್ಲ.

ಮೂರು ತಿಂಗಳು ಅಪ್ಪ ಮನೆಯಲ್ಲಿ ಮಲಗಿದ. ಮೂಳೆ ಕೂಡಿತು, ಮಂಡಿ ಮಡಚಲಿಲ್ಲ. ನೋಡಲು ಬಂದ ನೆಂಟರೆಲ್ಲ ಕಾಫಿ ಕುಡಿದು, "ಕಿವಿ ಕೇಳ್ದಿದ್ಮೇಲೆ ಮೇನ್ ರೋಡಲ್ಲಿ ಯಾಕೆ ಸೈಕಲ್ ಹೊಡೀಬೇಕಿತ್ತು?" ಅಂತ ಕೇಳಿ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬ್ರೇಕ್ ಇದ್ದೂ ಒತ್ತದವನು ಆರಾಮಾಗಿ ಜಲ್ಲಿ ಹೊಡೆಯುತ್ತಿದ್ದ, ಕಿವಿ ಇಲ್ಲದವನು ಮಂಚದ ಮೇಲೆ ಅಪರಾಧಿ. ಹಾರನ್ ಹೊಡೆದೇ ಇದ್ದ ಅಂತಿಟ್ಟುಕೊಳ್ಳೋಣ, ಹೊಡೆದ ಮಾತ್ರಕ್ಕೆ ಮನುಷ್ಯನ ಮೇಲೆ ಗಾಡಿ ಹತ್ತಿಸಬಹುದೇ? ಇದನ್ನು ಒಬ್ಬರಾದರೂ ಕೇಳಲಿಲ್ಲ. ಅಪ್ಪನಿಗೆ ನಿಜ ಹೇಳಬೇಕು ಅಂತ ನನಗೆ ದಿನವೂ ಅನ್ನಿಸುತ್ತಿತ್ತು. ಆದರೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರೆ ಬೀದಿಗೆಲ್ಲ ಕೇಳುತ್ತದೆ. ಮೆಲ್ಲಗೆ ತುಟಿಯಾಡಿಸಲು ಹೋದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದ.

ಅಪ್ಪ ಕುಂಟುತ್ತಾ ಮತ್ತೆ ಮಗ್ಗಕ್ಕೆ ಬಂದ ಮೊದಲ ವಾರ. ಬಸ್ಸಿಗೆ ಹತ್ತಿಸಿ ಇಳಿಸುವಷ್ಟರಲ್ಲಿ ದಿನವೂ ತಡ, ಕಂಡಕ್ಟರನ ಬೈಗುಳ ಬೇರೆ. ಒಂದು ದಿನ ಎಂಟು ಮಗ್ಗವೂ ಓಡುತ್ತಿದ್ದವು. ಲೋಕದಲ್ಲಿ ಗುಟ್ಟು ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅವನ ಮಗ್ಗದ ಎದುರಿಗೆ ಹೋಗಿ ನಿಂತು, ಅವನು ತಲೆ ಎತ್ತುವವರೆಗೂ ಕಾದು, ತುಟಿ ಬಿಡಿಸಿ ಬಿಡಿಸಿ ಹೇಳಿದೆ. "ಹಾರನ್ ಹೊಡೀಲಿಲ್ಲ. ಹೊಡ್ದಿದ್ರೆ ನಾನು ತಟ್ತಿದ್ದೆ."

ಅಪ್ಪ ನೋಡುತ್ತಲೇ ನಿಂತ. ಲಾಳಿಯಲ್ಲಿ ನೂಲು ಮುಗಿಯಿತು. ಮಗ್ಗ ಬರಿದೇ ಬಡಿಯತೊಡಗಿತು, ನೇಯ್ಗೆಯಲ್ಲಿ ಸಂದು ಬಿತ್ತು. ನೂಲು ಮುಗಿಯುವ ಮೊದಲೇ ಲಾಳಿ ಬದಲಿಸುವ ಮನುಷ್ಯನಿಗೆ ಅದು ಕಾಣಲೇ ಇಲ್ಲ.

"ನೀನು ಮರ್ತಿದ್ದೆ ಅಂದ್ಕೊಂಡೆ" ಅಂದ, ತುಟಿಯಲ್ಲೇ. "ನಿನ್ ಮೇಲೆ ಬರ್ಬಾರ್ದು ಅಂತ ನಾನೇ ಒಪ್ಕೊಂಬಿಟ್ಟೆ ಕಣೇ."

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಮೂರು ತಿಂಗಳು ಈ ಮನುಷ್ಯ ಮಗಳು ಮೈಮರೆತಳು ಅಂತ ನಂಬಿಕೊಂಡು, ಅದನ್ನು ಮುಚ್ಚಿಕೊಂಡು ಮಲಗಿದ್ದ. ಯಾವನೋ ಡ್ರೈವರನ ಮಾತು ನಿಜ, ನನ್ನ ಕೈ ಸುಳ್ಳು. ಹೊಡೆಯದ ಹಾರನ್ನಿಗೆ ನಾವಿಬ್ಬರೂ ಶಿಕ್ಷೆ ಅನುಭವಿಸಿದ್ದೆವು.

ಅಪ್ಪ ಮಾರನೆಯ ದಿನವೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬದಲಾಯಿಸಬೇಕೆಂದು ಕೇಳಿದ. ರುಜು ನಿನ್ನದೇ ತಾನೇ ಅಂತ ತೋರಿಸಿ ಕಳಿಸಿದರು. ಬಡವನ ಸಿಟ್ಟು ದವಡೆಗೆ ಮೂಲ ಅಂತ ಅಮ್ಮ ಇಬ್ಬರಿಗೂ ಸೇರಿಸಿ ಹೇಳಿದಳು.

ಆ ಭಾನುವಾರ ಸೈಕಲ್ ರಿಪೇರಿ ಮಾಡಿಸಿಕೊಂಡು ಬಂದೆ. ಚೂಡಿದಾರ ಹಾಕಿಕೊಂಡು ಎರಡು ವಾರ ಬಿದ್ದು ಎದ್ದು ಕಲಿತು, ಅಪ್ಪನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಮಗಳು ತುಳಿಯುವುದು, ಅಪ್ಪ ಕೂರುವುದು ನೋಡಿ ಟೀ ಅಂಗಡಿಯಲ್ಲಿ ನಕ್ಕರು. ಅಪ್ಪ ಇನ್ನೂ ನಗುವಂತೆ ಮಾಡಿದ. ನನ್ನ ಬೆನ್ನಿಗೆ ಬೆನ್ನು ಕೊಟ್ಟು, ಮಡಚಲಾಗದ ಕಾಲು ಚಾಚಿಕೊಂಡು, ಬರುವ ಲಾರಿಗಳಿಗೆ ಮುಖ ಮಾಡಿ ಕೂತ. ಕಾಣುತ್ತಲೇ ಕೈ ಹಿಂದಕ್ಕೆ ಚಾಚಿ ನನ್ನ ಸೊಂಟಕ್ಕೆ ತಟ್ಟುತ್ತಿದ್ದ. ನಾನು ಸರಿಯುತ್ತಿದ್ದೆ, ಲಾರಿ ಪಕ್ಕದಲ್ಲೇ ಹಾದು ಹೋಗುತ್ತಿತ್ತು.

ಪ್ರತಿ ಸಲವೂ ಅಪ್ಪ ಕತ್ತು ತಿರುಗಿಸಿ, "ಹೊಡ್ದ್ನೇನೇ?" ಅಂತ ಕೇಳುತ್ತಿದ್ದ. ಹೊಡೆದಿದ್ದರೆ ತಲೆ ಆಡಿಸುತ್ತಿದ್ದೆ. ಎಷ್ಟೋ ಸಲ ಹ್ಯಾಂಡಲಿನಿಂದ ಒಂದು ಕೈ ಬಿಟ್ಟು, ಅವನಿಗೆ ಕಾಣುವಂತೆ ಎತ್ತಿ, ಇಲ್ಲ ಅಂತ ತೋರಿಸುತ್ತಿದ್ದೆ.