ದೇವಿ ಬೇಗ ಬಂದ ಭಾನುವಾರ

ನನ್ನ ಸೋದರಮಾವ ವರ್ಷಕ್ಕೊಮ್ಮೆ ಸಾಯುತ್ತಾರೆ. ಉಳಿದ ದಿನಗಳಲ್ಲಿ ಮುಂಬಯಿಯ ಗ್ರಾಂಟ್ ರೋಡಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತಿರುತ್ತಾರೆ. ನಮ್ಮ ಊರಿನವರ ಸಂಘದ ವಾರ್ಷಿಕೋತ್ಸವವೆಂದರೆ ಯಕ್ಷಗಾನ ಇರಲೇಬೇಕು, ಯಕ್ಷಗಾನದಲ್ಲಿ ಕೋಡಿನ ಅಸುರ ಬರಲೇಬೇಕು, ಆ ಅಸುರ ನಮ್ಮ ಮಾವನೇ ಆಗಿರಬೇಕು. ಬೇರೆಯವರು ಆ ವೇಷ ಹಾಕಿದ್ದನ್ನು ನಾನು ನೋಡಿಲ್ಲ.

ಅವರನ್ನು ಕೊಲ್ಲುವ ದೇವಿ ಕುರ್ಲಾದ ಒಂದು ಲಾಡ್ಜಿನ ಮ್ಯಾನೇಜರ್. ಮೀಸೆ ಬೋಳಿಸಿಕೊಂಡು ಸೀರೆ ಉಟ್ಟರೆ ಹೆಂಗಸರೇ ಎದ್ದು ಕೈಮುಗಿಯುತ್ತಾರೆ. ಮನೆ ಮಾತ್ರ ಬಹಳ ದೂರ, ಎರಡು ಲೋಕಲ್ ಬದಲಿಸಬೇಕು. ಮಾವನಿಗೆ ಅವರ ಮೇಲಿದ್ದ ದೂರು ಅದೊಂದೇ.

"ಇವನಿಗೆ ಯಾವಾಗಲೂ ಟ್ರೇನ್ ಹಿಡಿಯುವ ಅರ್ಜೆಂಟು. ನನ್ನ ಯುದ್ಧದ ಪದ್ಯ ಮುಗಿಲಿಕ್ಕಿಲ್ಲ, ಬಂದು ಕೊಲ್ತಾನೆ."

"ನೀವು ಸಾಯ್ಲಿಕ್ಕೆ ಅಷ್ಟು ಹೊತ್ತು ತಗೊಂಡ್ರೆ ನಾನು ಪ್ಲಾಟ್‌ಫಾರ್ಮಲ್ಲಿ ಮಲಗುದಾ ಮಾರಾಯ್ರೆ?"

ಈ ಮಾತು ವರ್ಷಾ ವರ್ಷ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ನಡೆಯುತ್ತಿತ್ತು. ಇಬ್ಬರ ಮುಖಕ್ಕೂ ಬಣ್ಣ ಬಿದ್ದ ಮೇಲೆ ನಗುವಂತಿರಲಿಲ್ಲವಾದ್ದರಿಂದ ಜಗಳ ನಿಜವೋ ತಮಾಷೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಅಸುರ ರಂಗದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ನಡುವಿನಿಂದ, ಎರಡೂ ಕಡೆ ಉರಿಯುವ ದೊಂದಿಗಳ ಜೊತೆ, ಆರ್ಭಟಿಸುತ್ತ ಬರುತ್ತಾನೆ. ಜೊತೆಗಾರರು ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಬೆಂಕಿ ಭಗ್ಗೆಂದು ಆಳೆತ್ತರ ಏಳುತ್ತದೆ. ಊರಿನ ಗದ್ದೆಯಲ್ಲಿ ಇದಕ್ಕೆ ಮೇಲೆ ಆಕಾಶ ಇರುತ್ತದೆ. ನಮಗೆ ಇದ್ದದ್ದು ಉಪನಗರದ ಒಂದು ಬಾಡಿಗೆ ಹಾಲ್, ಅದರ ತಗ್ಗು ಸೀಲಿಂಗು, ಡೆಕೊರೇಟರ್ ಇಳಿಬಿಟ್ಟ ನೈಲಾನ್ ಝಾಲರು. ರಾಳ ಬೇಡವೆಂದು ಯಾರೂ ಹೇಳಲಿಲ್ಲ. ರಾಳವಿಲ್ಲದೆ ಅಸುರ ಬಂದರೆ ಅದು ಮಾವ ಹೋಟೆಲಿನಿಂದ ಬಂದ ಹಾಗೆ ಇರುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಊಟದ ಕಡೆಗಿರುವ ಬಾಗಿಲನ್ನು ಸನ್ಮಾನ ಮುಗಿಯುವ ತನಕ ಹಾಕಿಡುವುದು ನಮ್ಮ ಸಂಘದ ಪದ್ಧತಿ. ತೆರೆದಿಟ್ಟರೆ ಸನ್ಮಾನಕ್ಕೆ ಸನ್ಮಾನಿತರು ಮಾತ್ರ ಉಳಿಯುತ್ತಾರೆ. ಹೋದ ವರ್ಷ ಸನ್ಮಾನವನ್ನು ಯಕ್ಷಗಾನದ ಆಟದ ನಡುವೆ ಇಟ್ಟಿದ್ದರು. ಶಾಲುಗಳು ರಂಗದ ಪಕ್ಕದ ಮೇಜಿನ ಮೇಲೆ ರಾಶಿಯಾಗಿದ್ದವು. ಸನ್ಮಾನಿತರಲ್ಲಿ ಮಾವನೂ ಒಬ್ಬರು. ಬಾಗಿಲಿಗೆ ಚಿಲಕ ಬಿದ್ದಿತ್ತು.

ಚೆಂಡೆ ಏರಿತು. ಹಾಲಿನ ದೀಪ ಆರಿಸಿದರು. ಮಾವ ಹಿಂದಿನ ಬಾಗಿಲಿನಿಂದ ಬಂದರು. ಜನ ಶಿಳ್ಳೆ ಹೊಡೆದರು, ಕೂಗಿದರು, ಮೊಬೈಲು ಎತ್ತಿದರು. ನಾನೂ ಅತ್ತೆಯೂ ನಡುದಾರಿಯ ಪಕ್ಕದಲ್ಲೇ ಕೂತಿದ್ದೆವು. ಅವರು ನಮ್ಮನ್ನು ದಾಟಿ ಹೋಗುವಾಗ ಮೂರನೆಯ ಸಲ ರಾಳ ಬಿತ್ತು. ದೊಂದಿಯ ಬೆಂಕಿ ಎದ್ದಿತು, ಇಳಿಯಿತು. ಮಾವನ ಬೆನ್ನಿಗೆ ಇಳಿಬಿಟ್ಟ ಕಪ್ಪು ನಾರಿನ ಕೂದಲಿನ ತುದಿಯಲ್ಲಿ ಒಂದು ಚೂರು ಇಳಿಯದೆ ಉಳಿಯಿತು.

"ಅದು ರಾಳದ್ದಲ್ಲ" ಎಂದರು ಅತ್ತೆ. ದೋಸೆ ತಳ ಹಿಡಿದಿದೆ ಎನ್ನುವ ದನಿಯಲ್ಲಿ.

ನಾನು ಎದ್ದು ನಿಂತು ಬೆಂಕಿ, ಬೆಂಕಿ ಎಂದು ಕಿರುಚಿದೆ. ಅಸುರ ಬರುವಾಗ ಎಲ್ಲರೂ ಏನಾದರೊಂದು ಕಿರುಚುತ್ತಲೇ ಇರುತ್ತಾರೆ. ಹಿಂದಿನ ಸಾಲಿನವರು ನನ್ನ ಭುಜ ತಟ್ಟಿದರು.

"ಅರೇ ಮೇಡಂ, ಬೈಠಿಯೇ ನಾ. ಹಿಂದೆ ಕೂತವರಿಗೆ ಎಂತದೂ ಕಾಣುದಿಲ್ಲ."

ಮಾವ ರಂಗ ಹತ್ತಿ ಕುಣಿಯತೊಡಗಿದರು. ತಿರುಗಿದಷ್ಟೂ ಗಾಳಿ, ಗಾಳಿ ಬಂದಷ್ಟೂ ಬೆಂಕಿ. ಅದು ಬೆನ್ನಿನಲ್ಲಿತ್ತು, ಅವರಿಗೆ ಕಾಣುವಂತಿರಲಿಲ್ಲ. ದಪ್ಪ ಬಟ್ಟೆಯ ಸುತ್ತುಗಳಲ್ಲಿ ಬಿಸಿ ತಿಳಿಯುವಂತಿರಲಿಲ್ಲ. ಕಿವಿಗೆ ಮರದ ಆಭರಣ ಕಟ್ಟಿದ್ದರು, ಪಕ್ಕದಲ್ಲಿ ಚೆಂಡೆ. ಹಾಡುತ್ತಿದ್ದ ಭಾಗವತರು ಬೆಂಕಿಯನ್ನು ಕಂಡವರೇ ಪದ್ಯ ನಿಲ್ಲಿಸಿ ಕೈಬೀಸಿ ಕರೆದರು. ಪದ್ಯ ನಿಂತರೆ ಅದು ಅಸುರ ಆರ್ಭಟ ಕೊಡುವ ಜಾಗ. ಮಾವ ಆರ್ಭಟ ಕೊಟ್ಟರು. ಚೆಂಡೆಯವರು ಅದಕ್ಕೆ ಸರಿಯಾಗಿ ಬಾರಿಸಿದರು. ಬೆಂಕಿ ಮಾವನ ಸೊಂಟದ ಮಟ್ಟಕ್ಕೆ ಬಂದಿತ್ತು. ಝಾಲರು ಎರಡು ಮಾರು ದೂರದಲ್ಲಿತ್ತು. ನಾನು ಚಿಲಕ ಹಾಕಿದ ಬಾಗಿಲನ್ನು ನೋಡಿದೆ. ಅಲ್ಲಿ ಒಬ್ಬರು ಕುರ್ಚಿ ಆನಿಸಿಕೊಂಡು ಕೂತು ವೀಡಿಯೊ ತೆಗೆಯುತ್ತಿದ್ದರು.

ಆಗ ದೇವಿ ಬಂದರು.

ದೇವಿಯ ಪ್ರವೇಶಕ್ಕೆ ಇನ್ನೂ ತುಂಬ ಹೊತ್ತಿತ್ತು. ಮುಖದ ಬಣ್ಣ ಅರ್ಧ ಆಗಿತ್ತು, ತಲೆಯ ಮೇಲೆ ಕಿರೀಟದ ಬದಲು ಬಿಗಿದು ಕಟ್ಟಿದ ಬಟ್ಟೆ, ಕೆಳಗೆ ಲುಂಗಿ. ತ್ರಿಶೂಲ ಪೆಟ್ಟಿಗೆಯಲ್ಲೇ ಉಳಿದಿತ್ತು. ಅವರು ಮಾವನನ್ನು ಕರೆಯಲಿಲ್ಲ, ಕೂಗಲಿಲ್ಲ. ನೇರ ಎದುರು ಹೋಗಿ ನಿಂತು, ಕೈಯಲ್ಲಿ ತ್ರಿಶೂಲ ಇದ್ದ ಹಾಗೆ ಎತ್ತಿ ಎದೆಗೆ ಇರಿದರು.

ಮೈಕ್ ಹತ್ತಿರದಲ್ಲೇ ಇತ್ತು. ಮಾವ ಹೇಳಿದ್ದು ಇಡೀ ಹಾಲಿಗೆ ಕೇಳಿತು.

"ಈಗಲೇನಾ ಮಾರಾಯಾ? ಇವತ್ತು ಯಾವ ಟ್ರೇನು?"

ಹೇಳಿದರು, ಆದರೆ ಸತ್ತರು. ದೇವಿ ಇರಿದ ಮೇಲೆ ನಿಂತುಕೊಂಡಿರುವ ಅಸುರನನ್ನು ಯಾರೂ ಕಂಡಿಲ್ಲ. ಯಾವಾಗಿನಂತೆ ಅಂಗಾತ ಬಿದ್ದರು, ಬೆಂಕಿ ಬೆನ್ನ ಕೆಳಗೆ ಸಿಕ್ಕಿತು. ದೇವಿ ಎದೆಯ ಮೇಲೆ ಕಾಲಿಟ್ಟು ಒತ್ತಿ ಹಿಡಿದರು. ಜನ ಚಪ್ಪಾಳೆ ತಟ್ಟಿದರು. ಯಾರೋ ಶಂಖ ಊದಿದರು.

ಅತ್ತೆ ಅಷ್ಟರಲ್ಲಿ ರಂಗದ ಮೇಲಿದ್ದರು. ಅವರು ಯಾವಾಗ ಎದ್ದರೋ ನನಗೆ ಗೊತ್ತಾಗಲಿಲ್ಲ. ಮೇಜಿನ ಮೇಲಿನ ಶಾಲುಗಳನ್ನು ಬಾಚಿ ತಂದು ಮಾವನ ಪಕ್ಕೆಗಳಿಗೆ ತುರುಕಿದರು, ಮೇಲೆ ಹೊದಿಸಿದರು, ಕೈಯಿಂದ ಬಡಿದರು. ಆ ವರ್ಷ ಉಣ್ಣೆಯ ಶಾಲು ತಂದಿದ್ದರು. ಸನ್ಮಾನಕ್ಕೆ ಇದ್ದ ಅಷ್ಟೂ ಶಾಲು ಹೀಗೆ ಮಾವನಿಗೇ ಆಯಿತು. ಹೊಗೆ ಬಂದ ಮೇಲೆಯೇ ಜನಕ್ಕೆ ತಿಳಿದದ್ದು. ಬಾಗಿಲಿನ ಚಿಲಕ ತೆಗೆದರು.

ವೇಷದ ಹಗ್ಗ ಬಿಚ್ಚಲು ಹೊತ್ತು ಹಿಡಿಯುತ್ತದೆ. ಅಡುಗೆಯವರ ಚಾಕು ತಂದು ಕೊಯ್ದೆವು. ಮಾವ ಮಲಗಿದಲ್ಲಿಂದಲೇ ಬೈದರು.

"ಕೊಯ್ಬೇಡಿ, ಬಾಡಿಗೆ ವೇಷ ಅದು. ಇನ್ನೂ ಮೂರು ಪದ್ಯ ಇತ್ತು ನಂದು."

"ನಿಮ್ಮ ಬೆನ್ನಿಗೆ ಬೆಂಕಿ ಹಿಡಿದಿತ್ತು" ಎಂದರು ದೇವಿ.

ಮಾವ ಕೈ ಹಿಂದೆ ಹಾಕಿ ಕುತ್ತಿಗೆ ಮುಟ್ಟಿ ನೋಡಿದರು. ಆಮೇಲೆ, "ಹಾಗಾದ್ರೆ ಸರಿ" ಎಂದರು.

ಕುತ್ತಿಗೆಯ ಹಿಂದೆ ಅಂಗೈಯಷ್ಟು ಸುಟ್ಟಿತ್ತು. ಅತ್ತೆಯ ಎರಡು ಬೆರಳು. ಅಷ್ಟೇ. ಅಷ್ಟೇ ಎಂದು ಡಾಕ್ಟರರೂ ಹೇಳಿದರು. ಮಾವ ಕೆಲವೇ ದಿನಗಳಲ್ಲಿ ಗಲ್ಲಾಕ್ಕೆ ಮರಳಿದರು.

ನಾನು ಮರಳಿದ್ದೇನೆಂದು ಹೇಳಲಾರೆ. ಬಾಂದ್ರಾದ ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ನಾನು ಬಾಗಿಲಿಗೆ ಚಿಲಕ ಇದೆಯೇ ಎಂದು ನೋಡುತ್ತೇನೆ. ಲೋಕಲಿನಲ್ಲಿ ಎದುರು ನಿಂತವಳ ಜಡೆಯ ತುದಿಯನ್ನು ನೋಡುತ್ತೇನೆ. ಸಂಘದ ವಾಟ್ಸಾಪ್ ಗುಂಪಿಗೆ ಬಂದ ವೀಡಿಯೊದಲ್ಲಿ ಒಂದು ಹೆಣ್ಣುದನಿ ಎಲ್ಲರಿಗಿಂತ ಜೋರಾಗಿ ಕೇಳುತ್ತದೆ. ಕಾರ್ಯದರ್ಶಿಯವರು ಅದರ ಕೆಳಗೆ, "ಯುವಜನರ ಉತ್ಸಾಹ ಮೆಚ್ಚುವಂಥದ್ದು" ಎಂದು ಬರೆದಿದ್ದರು. ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ದೇವಿ ಬರುವುದಿಲ್ಲವೇನೋ ಅನಿಸುತ್ತದೆ.

ಈ ವರ್ಷ ಮಾವ ಮತ್ತೆ ವೇಷ ಹಾಕುತ್ತೇನೆಂದರು. ಅತ್ತೆ ಜಗಳ ಮಾಡಲಿಲ್ಲ. ಸಂಘದವರು ಸಭೆ ಸೇರಿ ಬಾಗಿಲಿಗೆ ಚಿಲಕ ಹಾಕಬಾರದೆಂದು ತೀರ್ಮಾನಿಸಿದರು. ಝಾಲರು ಬೇಡವೆಂದರು. ರಾಳದ ಬಗ್ಗೆ ಬಹಳ ಹೊತ್ತು ಚರ್ಚೆ ನಡೆದು, ಸ್ವಲ್ಪ ಇರಲಿ ಎಂದಾಯಿತು.

ಆಟದ ದಿನ ಅತ್ತೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಚೌಕಿಗೆ ಹೋದರು, ನಾನೂ ಹಿಂದೆ ಹೋದೆ. ಮಾವನನ್ನು ದಾಟಿ ದೇವಿಯ ಹತ್ತಿರ ನಿಂತರು. ದೇವಿ ಕನ್ನಡಿ ನೋಡುತ್ತ ಹುಬ್ಬು ಬರೆಯುತ್ತಿದ್ದರು.

"ಅಣ್ಣಾ, ಇವತ್ತು ಸ್ವಲ್ಪ ಬೇಗ ಕೊಂದುಬಿಡಿ."

"ಅತ್ತಿಗೆ, ಇವತ್ತು ನಂಗೆ ಅರ್ಜೆಂಟಿಲ್ಲ. ಇಲ್ಲೇ ತಂಗಿಯ ಮನೆಯಲ್ಲಿ ಮಲಗುದು."

"ಆದ್ರೂ."

ಮಾವ ಕಣ್ಣು ಮುಚ್ಚಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು. "ನಂಗೆ ಕೇಳ್ತಾ ಉಂಟು" ಎಂದರು.

"ಕೇಳ್ಲಿ ಅಂತಲೇ ಹೇಳಿದ್ದು" ಎಂದು ಅತ್ತೆ ಅವರ ಕೈಗೂ ಒಂದು ಲೋಟ ಕೊಟ್ಟರು.

ಸನ್ಮಾನದ ಶಾಲುಗಳನ್ನು ಈ ಸಲ ಮೇಜಿನ ಮೇಲೆ ಇಡಲಿಲ್ಲ. ಮೊದಲ ಸಾಲಿನಲ್ಲಿ ಕೂತ ನನ್ನ ಮಡಿಲಿಗೆ ಕೊಟ್ಟಿದ್ದರು. ಹಾಲಿನೊಳಗೆ ಸೆಖೆ. ಚೆಂಡೆ ಏರಿತು, ದೀಪ ಆರಿತು, ನಾನು ಶಾಲುಗಳ ಮಡಿಕೆ ಬಿಡಿಸಿಟ್ಟುಕೊಂಡು ಕೂತೆ.