ಚಾರ್ಜರಿಗೆ ಉಡಿ ತುಂಬಿದವಳು

ಮುಂಬಯಿಯ ಭಾಂಡುಪ್ ಗುಡ್ಡದ ಓಣಿಗಳಲ್ಲಿ ಶಿವಕುಮಾರಿಯ ಗಾಡಿ ಬರುವ ಸದ್ದು ಮೊದಮೊದಲು ಯಾರಿಗೂ ಕೇಳುತ್ತಿರಲಿಲ್ಲ. ಕಸದ ಗಾಡಿಯೆಂದರೆ ದೂರದಿಂದಲೇ ಕೆಮ್ಮುತ್ತ, ಹೊಗೆ ಉಗುಳುತ್ತ ಬರಬೇಕು. ಇದು ಬ್ಯಾಟರಿ ಗಾಡಿ, ಬೆಕ್ಕಿನ ಹಾಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಜನ ಬುಟ್ಟಿ ಹಿಡಿದು ಬರುವಷ್ಟರಲ್ಲಿ ಮುಂದೆ ಹೋಗಿರುತ್ತಿತ್ತು. ಕೊನೆಗೆ ಅವಳು ಊರಿಂದ ಎತ್ತಿನ ಗೆಜ್ಜೆಸರ ತರಿಸಿ ಗಾಡಿಯ ಮೂತಿಗೆ ಕಟ್ಟಿದಳು.

ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು ಶಿವಕುಮಾರಿ. ಗಾಡಿ ಬರುವ ಮೊದಲು ಇದೇ ಓಣಿಗಳಲ್ಲಿ ಕಸದ ಚೀಲ ಬೆನ್ನಿಗೇರಿಸಿ ಹತ್ತಿಳಿಯುತ್ತಿದ್ದಳು. ಗುತ್ತಿಗೆದಾರರು ಹೆಂಗಸರಿಗೂ ಡ್ರೈವಿಂಗ್ ಕಲಿಸುತ್ತೇವೆ ಎಂದಾಗ ಹೆಸರು ಕೊಟ್ಟವಳು ಅವಳೊಬ್ಬಳೇ. ಖಾಲಿ ಗಾಡಿಯನ್ನು ಮೊದಲು ಗುಡ್ಡದ ತುದಿಗೆ ಹತ್ತಿಸಿ, ಇಳಿಯುತ್ತ ಕಸ ತುಂಬಿಕೊಳ್ಳುವುದು ಅವಳ ರೀತಿ. ಹಾಗೆ ಮಾಡಿದರೆ ಬ್ಯಾಟರಿ ಉಳಿಯುತ್ತದೆ. ಆದರೂ ಸಾಲುತ್ತಿರಲಿಲ್ಲ. ಗೋದಾಮಿನ ಒಂದೇ ಪ್ಲಗ್ಗಿಗೆ ಎಲ್ಲ ಗಾಡಿಗಳೂ ಸರದಿ ನಿಲ್ಲಬೇಕಿತ್ತು. ಅರೆಹೊಟ್ಟೆಯ ಗಾಡಿ ನಡುದಾರಿಯಲ್ಲಿ ನಿಂತರೆ ಹಿಂದಿನಿಂದ ರಿಕ್ಷಾಗಳ ಹಾರ್ನು, ಜೇಬಿನಲ್ಲಿ ಸುಪರ್‌ವೈಸರ್ ಸುಕೇಶನ ಫೋನು.

"ಅಕ್ಕ, ಹೀಗೇ ನಿಲ್ತಾ ಇದ್ರೆ ಗಾಡಿ ವಾಪಸ್ ತಗೊಳ್ತಾರೆ. ಫಿರ್ ಸೇ ಚೀಲವೇ ನಿಮಗೆ," ಎನ್ನುತ್ತಿದ್ದ. ಅವನು ಉಡುಪಿ ಕಡೆಯವರ ಮಗ, ಮುಂಬಯಿಯಲ್ಲೇ ಹುಟ್ಟಿದವನು.

ಚೀಲದ ಮಾತು ಬಂದರೆ ಅವಳ ಬೆನ್ನು ತಾನಾಗಿ ಬಾಗುತ್ತಿತ್ತು.

ಸುಂಕದ ನಾಕಾದ ಹತ್ತಿರ, ಎರಡು ಊರುಗಳ ಗಡಿಯಲ್ಲಿ, ಹೊಸ ಚಾರ್ಜಿಂಗ್ ಕೇಂದ್ರವೊಂದು ಆಗಲೇ ಎದ್ದಿತ್ತು. ಅಕ್ಕಪಕ್ಕದ ಎರಡು ಪಾಲಿಕೆಗಳು ಕೂಡಿ ಮಾಡಿದ್ದು. ಈ ಕಡೆಯವರು ಶೆಡ್ಡು ಕಟ್ಟಿದರು, ಆ ಕಡೆಯವರು ಯಂತ್ರ ತಂದರು. ರಿಬ್ಬನ್ ಕತ್ತರಿಸಿದ್ದೂ ಆಯಿತು. ಕರೆಂಟಿನ ಮೀಟರು ಯಾರು ತರಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮಳೆಗಾಲ ಪೂರ್ತಿ ಯಂತ್ರ ಪ್ಲಾಸ್ಟಿಕ್ ಹೊದ್ದು ನಿಂತಿತ್ತು.

"ಮೀಟರ್ ಬಂತೇನ್ರಿ?"

"ಫೈಲ್ ಆ ಕಡೆಯವರ ಹತ್ರ ಉಂಟು ಮಾರಾಯ್ತಿ," ಎನ್ನುತ್ತಿದ್ದ ಸುಕೇಶ್.

ಆ ಕಡೆಯ ಗಾಡಿಗಳವರನ್ನು ಕೇಳಿದರೆ, ಫೈಲು ನಿಮ್ಮವರ ಹತ್ತಿರವೇ ಇದೆ ಎನ್ನುತ್ತಿದ್ದರು.

ದಸರೆಯ ಖಂಡೆಪೂಜೆಯ ದಿನ ಡ್ರೈವರುಗಳೆಲ್ಲ ಶೆಡ್ಡಿನ ಮುಂದೆ ಗಾಡಿ ತೊಳೆದು, ಚೆಂಡುಹೂವು ಕಟ್ಟಿ, ಕಾಯಿ ಒಡೆದರು. ಶಿವಕುಮಾರಿಯ ಕಣ್ಣು ಯಂತ್ರದ ಮೇಲಿತ್ತು.

"ಮನೀಗಿ ಬಂದ ಸೊಸೀನ ಹೊಸ್ತಿಲ ಹೊರಗ ನಿಲ್ಲಿಸ್ಯಾರ," ಎಂದಳು. "ಉಡೀನಾದ್ರೂ ತುಂಬೂಣು."

ಡೀಸೆಲ್ ಲಾರಿಯ ಕಾಶಪ್ಪ ನಕ್ಕ. "ತುಂಬವಾ. ನಾಳೆ ಅದು ತವರೀಗಿ ಹೋಗತೇನಿ ಅಂದ್ರ ನೀನಾ ಕಳಸಾಕ ಹೋಗು."

ಅವಳು ಪ್ಲಾಸ್ಟಿಕ್ ಸರಿಸಿ, ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಉಡಿ ತುಂಬಲು ಅದಕ್ಕೆ ಸೆರಗಿಲ್ಲ. ಗಾಡಿಗೆ ಚುಚ್ಚುವ ಚಾರ್ಜಿಂಗ್ ಗನ್ ಸಿಕ್ಕಿಸಿಡುವ ಗೂಡೇ ಮಡಿಲಿನ ಹಾಗೆ ಕಂಡಿತು. ಜಂಪರಿನ ತುಂಡು, ಅಡಿಕೆ, ಅರಿಸಿನ ಕೊಂಬು, ಒಂದು ಹಿಡಿ ಅರಿಸಿನ ಹಚ್ಚಿದ ಅಕ್ಕಿ ಅದರೊಳಗಿಟ್ಟು ಕೈಮುಗಿದಳು. ಸಂಜೆ ಬಟ್ಟೆ, ಅಡಿಕೆ, ಕೊಂಬು ತೆಗೆದಳು. ಅಕ್ಕಿಯನ್ನೂ ಬಳಿದು ತೆಗೆದೆನೆಂದುಕೊಂಡು ಗನ್ನನ್ನು ಮತ್ತೆ ಗೂಡಿಗೆ ಸಿಕ್ಕಿಸಿದಳು.

ದೀಪಾವಳಿಗೆ ಮುಂಚೆ ಎರಡೂ ಕಡೆಯ ಸಾಹೇಬರು ಜಂಟಿ ಪರೀಕ್ಷೆಗೆ ಬಂದರು. ಶಿವಕುಮಾರಿ ಗಾಡಿಯನ್ನು ಮೊದಲ ಸಾಲಿನಲ್ಲೇ ನಿಲ್ಲಿಸಿದ್ದಳು. ಸುಕೇಶ್ ಗನ್ ಎಳೆದು ಗಾಡಿಗೆ ಚುಚ್ಚಿದ. ಕೂರಲಿಲ್ಲ. ತಿರುಗಿಸಿ ನೋಡಿದರೆ ಅದರ ತೂತುಗಳಲ್ಲಿ ಹಳದಿ ಅಕ್ಕಿಕಾಳು.

"ಅಕ್ಕ, ಇದು ಎಂತ?"

"ಉಡಿ ಅಕ್ಕಿರಿ," ಎಂದಳು. ಸುಳ್ಳು ಹೇಳುವುದು ಹೊಳೆಯಲಿಲ್ಲ.

ಮಳೆಗಾಲವಿಡೀ ಯಾವ ಮಾತಿಗೂ ಒಪ್ಪದ ಸಾಹೇಬರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡ್ರೈವರ್ ಕೈಯಿಂದ ಯಂತ್ರ ಕೆಟ್ಟಿದೆ, ವಿಳಂಬಕ್ಕೆ ಅದೇ ಕಾರಣ ಎಂದು ಒಬ್ಬರು ಹೇಳಿದರು, ಇನ್ನೊಬ್ಬರು ತಲೆಯಾಡಿಸಿದರು. ಫೋಟೊ ತೆಗೆದುಕೊಂಡು ಒಂದೇ ಕಾರಿನಲ್ಲಿ ಹೊರಟುಹೋದರು.

ಶಿವಕುಮಾರಿ ತಲೆಯ ಪಿನ್ನು ಕಿತ್ತು ಒಂದೊಂದೇ ಕಾಳನ್ನು ಹೊರತೆಗೆದಳು. ಗನ್ ಟಕ್ಕೆಂದು ಕೂತಿತು. ಸುಕೇಶ್ ಗುಂಡಿ ಒತ್ತಿದ. ಯಂತ್ರದ ಪರದೆ ಕಪ್ಪಾಗಿಯೇ ಉಳಿಯಿತು.

"ಮೀಟರ್ ಇನ್ನೂ ಬಂದೇ ಇಲ್ಲಲ್ವಾ," ಎಂದ ಅವನು, ಅವಳ ಮುಖ ನೋಡದೆ.

"ಮತ್ತ ಅವರಿಗಿ ಹೇಳ್ರಿ."

"ಹೇಳ್ತೇನೆ. ಆದ್ರೆ ಚಾವಿ ಕೊಡಿ ಅಕ್ಕ. ವಿಚಾರಣೆ ಮುಗಿಯೋ ತನಕ."

ಮರುದಿನ ಅವಳು ಚೀಲ ಹೊತ್ತು ಗುಡ್ಡ ಹತ್ತಿದಳು. ಏರುವಾಗ ಖಾಲಿ, ಇಳಿಯುವಾಗ ಭಾರ. ಆ ರೀತಿಯೊಂದು ಬದಲಾಗಿರಲಿಲ್ಲ. ತುದಿಯ ಮನೆಯ ಕಸ್ತೂರಿಬಾಯಿ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಗೆಜ್ಜಿ ಸಪ್ಪಳಾನ ಇಲ್ಲಲ್ಲವಾ. ಗಾಡಿ ಎಲ್ಲಿ ಬಿಟ್ಟಿ?"

"ಶೆಡ್ಡಿನ್ಯಾಗ ನಿಂತೈತಿ."

"ಯಾವಾಗ ಬರತೈತಿ?"

ಬರುವಾಗ ಸುಕೇಶನನ್ನು ಅವಳೂ ಅದನ್ನೇ ಕೇಳಿದ್ದಳು. ವಿಚಾರಣೆಯ ಕಾಗದಕ್ಕೆ ಎರಡೂ ಕಡೆಯವರ ಸಹಿ ಬೇಕು ಎಂದಿದ್ದ.

ಶಿವಕುಮಾರಿ ಬುಟ್ಟಿ ಇಸಿದುಕೊಂಡು ಚೀಲಕ್ಕೆ ಸುರಿದಳು.